ಚೆನ್ನೈಯಿಂದ ಬೆಂಗಳೂರಿಗೆ: ಒಂದು ಖಟ್ಲೆಯ ವರ್ಗಾವಣೆ

ಮುಂಬಯಿ ಹೈಕೋರ್ಟಿನ ಕೇಂದ್ರ ನ್ಯಾಯಾಂಗಣದ ಬಳಿ ಒಂದು ಫಲಕವಿದೆ. 1908ರಲ್ಲಿ ರಾಜದ್ರೋಹದ ಆಪಾದನೆಯ ಮೇಲೆ ಶಿಕ್ಷೆ ಪಡೆದ ಲೋಕಮಾನ್ಯ ತಿಲಕರು ಜೂರಿಯ ತೀರ್ಪನ್ನು ಕೇಳಿ ಆಡಿದ ಮಾತುಗಳನ್ನು ಅದರಲ್ಲಿ ಕೆತ್ತಲಾಗಿದೆ. 1956ರಲ್ಲಿ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗಲಾ ಅವರು ಅದನ್ನು ಅನಾವರಣಗೊಳಿಸಿದರು. ಆ ಮಾತುಗಳು ಲೋಕಪ್ರಸಿದ್ಧವಾಗಿವೆ. ಆದರೆ ಆ ಖಟ್ಲೆಯ ಇನ್ನೊಂದು ಸಂಗತಿ ಅಷ್ಟಾಗಿ ಯಾರ ನೆನಪಿನಲ್ಲಿಯೂ ಇಲ್ಲ. 1897ರಲ್ಲಿ ತಿಲಕರ ಮೇಲೆ ಮೊದಲ ಸಲ ರಾಜದ್ರೋಹದ ಆಪಾದನೆ ಬಂದಾಗ ಅವರ ಜಾಮೀನಿಗಾಗಿ ನ್ಯಾಯಮೂರ್ತಿ ಬದ್ರುದ್ದೀನ್ ತಯ್ಯಬ್ಜಿಯವರ ಮುಂದೆ ವಾದಿಸಿ ಗೆದ್ದ ಬ್ಯಾರಿಸ್ಟರರು ದಿನ್‌ಶಾ ದಾವರ್. ಹನ್ನೊಂದು ವರ್ಷಗಳ ತರುವಾಯ ಅದೇ ದಾವರ್ ನ್ಯಾಯಮೂರ್ತಿಗಳಾಗಿ ಪೀಠದ ಮೇಲಿದ್ದರು. ಈ ಬಾರಿ ತಿಲಕರ ಜಾಮೀನಿಗಾಗಿ ವಾದಿಸಿದವರು ಮಹಮ್ಮದಾಲಿ ಜಿನ್ನಾ. ದಾವರರು ಜಾಮೀನನ್ನು ನಿರಾಕರಿಸಿದರು. ಸರಕಾರದ ಕಡೆಯವರು ಬೇಡಿದ ವಿಶೇಷ ಜೂರಿಯನ್ನು ಕೊಟ್ಟರು. ಅದರಲ್ಲಿ ಏಳು ಜನ ಯುರೋಪಿಯನರು, ಇಬ್ಬರು ಪಾರ್ಸಿಗಳು. ತೀರ್ಪೂ ಏಳಕ್ಕೆ ಎರಡರಂತೆ ಬಂದಿತು. ಜುಲೈ 22ರಂದು ಆರು ವರ್ಷಗಳ ಗಡೀಪಾರಿನ ಶಿಕ್ಷೆ ವಿಧಿಸಲ್ಪಟ್ಟಿತು.

ವಕೀಲನು ಕಕ್ಷಿಗಾರನ ಪರವಾಗಿ ಮಾಡಿದ ವಾದವು ಮುಂದೆ ನ್ಯಾಯಾಧೀಶನಾದಾಗ ಅವನನ್ನು ಕಟ್ಟಿಹಾಕಬೇಕೆಂಬುದಿಲ್ಲ. ಆ ಮಟ್ಟಿಗೆ ದಾವರರಲ್ಲಿ ದೋಷವೆಣಿಸುವುದು ಸರಿಯಲ್ಲ. ಆದರೆ ಅಂಗಣದಲ್ಲಿ ಕುಳಿತ ಜನಕ್ಕೆ ಬೇರೊಂದು ಕಣ್ಣಿರುತ್ತದೆ. ನಿನ್ನೆ ಹೀಗೆಂದವನು ಇಂದು ಹಾಗೆನ್ನುತ್ತಾನಲ್ಲ ಎಂದು ಆ ಕಣ್ಣು ಕೇಳುತ್ತದೆ. ಹಾಗಾದರೆ ತಿಲಕರು ಈ ನ್ಯಾಯಾಧೀಶರು ಬೇಡ, ಖಟ್ಲೆಯನ್ನು ಬೇರೆಡೆಗೆ ಕಳಿಸಿರಿ ಎಂದು ಕೇಳಬಹುದಿತ್ತೇ? 1898ರ ದಂಡ ಪ್ರಕ್ರಿಯಾ ಸಂಹಿತೆಯ 526ನೆಯ ಕಲಮಿನಂತೆ ಕೆಳಗಿನ ಕೋರ್ಟಿನ ಖಟ್ಲೆಯನ್ನು ಹೈಕೋರ್ಟು ಬೇರೆ ಕೋರ್ಟಿಗೆ ವರ್ಗಾಯಿಸಬಹುದಾಗಿತ್ತು. ವಿಚಾರಣೆ ಹೈಕೋರ್ಟಿನಲ್ಲಿಯೇ ನಡೆಯುವಾಗ ಉಳಿದುದು 527ನೆಯ ಕಲಮು ಮಾತ್ರ. ಒಂದು ಹೈಕೋರ್ಟಿನಿಂದ ಇನ್ನೊಂದಕ್ಕೆ ಖಟ್ಲೆಯನ್ನು ಕಳಿಸುವ ಅಧಿಕಾರ ಅದರಂತೆ ಸಪರಿಷದ್ ಗವರ್ನರ್ ಜನರಲರದು. ಅಂದರೆ ಯಾವ ಸರಕಾರವು ಆಪಾದನೆ ಹೊರಿಸಿತ್ತೋ ಅದೇ ಸರಕಾರದ ಬಾಗಿಲಿಗೆ ಹೋಗಿ ನಿಷ್ಪಕ್ಷಪಾತವಾದ ಕೋರ್ಟನ್ನು ಬೇಡಬೇಕು. ಬಾಗಿಲಿತ್ತು, ಆದರೆ ಅದರ ಕೀಲಿಕೈ ಎದುರುಪಕ್ಷದವರ ಕೈಯಲ್ಲಿತ್ತು.

ಸಂವಿಧಾನ ಜಾರಿಗೆ ಬಂದ ಮೇಲೆ ಈ ಅಧಿಕಾರವು ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಿತು. ಸರಕಾರದ ಕೈಯಿಂದ ನ್ಯಾಯಾಲಯದ ಕೈಗೆ ಬಂದ ಈ ಸಣ್ಣ ಬದಲಾವಣೆಯ ಮಹತ್ವವನ್ನು ಕಾನೂನಿನ ಇತಿಹಾಸಕಾರರು ಸಾಕಷ್ಟು ಗಮನಿಸಿದಂತಿಲ್ಲ. ರಾಜ್ಯವೊಂದರ ಅಧಿಕಾರಾರೂಢರೇ ಆಪಾದಿತರಾಗಿದ್ದ ಖಟ್ಲೆಯೊಂದು ಆ ರಾಜ್ಯವನ್ನು ಬಿಟ್ಟು ಕರ್ನಾಟಕಕ್ಕೆ ಬರಲು ಸಾಧ್ಯವಾದುದು ಇದರಿಂದಲೇ. ಆ ಖಟ್ಲೆಯ ಕಥೆಗೆ ಹೋಗುವ ಮೊದಲು ಸಂಶಯವೆಂಬುದನ್ನು ಕಾನೂನು ಹೇಗೆ ಅಳೆಯುತ್ತದೆ ಎಂಬುದನ್ನು ನೋಡಬೇಕು.

ಇಂಗ್ಲೆಂಡಿನಲ್ಲಿ 1923ರಲ್ಲಿ ತೀರ್ಮಾನವಾದ ಸಸೆಕ್ಸ್ ಮ್ಯಾಜಿಸ್ಟ್ರೇಟರ ಪ್ರಕರಣವು ಎಲ್ಲ ವಕೀಲರಿಗೂ ಗೊತ್ತು. ಮೋಟಾರು ಅಪಘಾತವೊಂದರ ವಿಚಾರಣೆಯಲ್ಲಿ ಮ್ಯಾಜಿಸ್ಟ್ರೇಟರೊಡನೆ ಒಳಕೋಣೆಗೆ ಹೋದ ಗುಮಾಸ್ತನು ಎದುರುಪಕ್ಷದ ಸಾಲಿಸಿಟರರ ಸಂಸ್ಥೆಗೆ ಸೇರಿದವನಾಗಿದ್ದನು. ಒಳಗೆ ಅವನು ಒಂದು ಮಾತನ್ನೂ ಆಡಲಿಲ್ಲ. ಆದರೂ ಶಿಕ್ಷೆ ರದ್ದಾಯಿತು. ಪಕ್ಷಪಾತ ನಡೆಯಿತೇ ಎಂಬುದು ಅಲ್ಲಿ ಪ್ರಶ್ನೆಯಾಗಲಿಲ್ಲ. ನಡೆದಿರಬಹುದೆಂದು ತಿಳಿದವನೊಬ್ಬನು ಶಂಕಿಸಲು ಎಡೆಯಿತ್ತೇ ಎಂಬುದೇ ಪ್ರಶ್ನೆಯಾಯಿತು.

ಈ ತತ್ತ್ವವನ್ನು ಸ್ವತಂತ್ರ ಭಾರತದಲ್ಲಿ ಸ್ಪಷ್ಟವಾಗಿ ನಿರೂಪಿಸಿದವರಲ್ಲಿ ನ್ಯಾಯಮೂರ್ತಿ ಪಿ. ಬಿ. ಗಜೇಂದ್ರಗಡಕರರು ಪ್ರಮುಖರು. ಸಾತಾರೆಯಲ್ಲಿ ಹುಟ್ಟಿದವರಾದರೂ ಅವರ ಮನೆತನದ ಹೆಸರಿನಲ್ಲಿರುವುದು ಇಂದಿನ ಗದಗ ಜಿಲ್ಲೆಯ ಗಜೇಂದ್ರಗಡ. ಇಂಟರ್ ತರಗತಿಯವರೆಗೆ ಅವರು ಓದಿದುದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ. ಮುಂಬಯಿ ಹೈಕೋರ್ಟಿನಿಂದ 1957ರ ಜನವರಿಯಲ್ಲಿ ಅವರು ದಿಲ್ಲಿಗೆ ಹೋದರು. ಮರು ತಿಂಗಳೇ ಮಾಣಕ್ ಲಾಲ್ ಎಂಬ ರಾಜಸ್ಥಾನದ ವಕೀಲರ ಮೊಕದ್ದಮೆಯಲ್ಲಿ ತೀರ್ಪು ಬರೆದರು. ಮಾಣಕ್ ಲಾಲರ ನಡತೆಯನ್ನು ವಿಚಾರಿಸಲು ನೇಮಿಸಿದ ಮಂಡಳಿಯ ಅಧ್ಯಕ್ಷರು ಹಿಂದೊಮ್ಮೆ ಫಿರ್ಯಾದುದಾರರ ಪರವಾಗಿ ವಕಾಲತ್ತು ವಹಿಸಿ ಒಂದು ದಿನ ವಾದ ಮಾಡಿದ್ದರು. ಅಷ್ಟರಿಂದಲೇ ಮಂಡಳಿಯ ರಚನೆ ದೋಷಯುಕ್ತವಾಯಿತು ಎಂದರು ಗಜೇಂದ್ರಗಡಕರರು. ಆದರೂ ಮಾಣಕ್ ಲಾಲರು ಸೋತರು. ಸಂಗತಿ ಗೊತ್ತಿದ್ದೂ ಅವರು ಮೊದಲಿಗೇ ಆಕ್ಷೇಪಿಸದೆ, ಮಂಡಳಿಯ ವರದಿ ತಮಗೆ ವಿರುದ್ಧವಾಗಿ ಬಂದ ಮೇಲೆ ಬಾಯಿ ತೆರೆದಿದ್ದರು. ಗೆದ್ದರೆ ಇರಲಿ, ಸೋತರೆ ಪಕ್ಷಪಾತವೆನ್ನೋಣ ಎಂದು ಕಾದು ಕೂರುವವನಿಗೆ ಕಾನೂನಿನ ಆಸರೆಯಿಲ್ಲ. ಸರಿಯಾದ ಹೊತ್ತಿಗೆ ಹೇಳಿದ ಸಂಶಯಕ್ಕೆ ಬೆಲೆಯುಂಟು, ಹೊತ್ತು ಮೀರಿ ಹೇಳಿದುದಕ್ಕೆ ಇಲ್ಲ ಎಂಬ ಈ ಅಂಶವು ವರ್ಗಾವಣೆಯ ಅರ್ಜಿಗಳಿಗೂ ಅನ್ವಯಿಸುತ್ತದೆ.

ಹಾಗೆಂದು ಪ್ರತಿಯೊಂದು ಅಂಜಿಕೆಗೂ ಖಟ್ಲೆ ಊರು ಬಿಡುವುದಿಲ್ಲ. 1958ರಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸರು ಮಧ್ಯಪ್ರದೇಶದ ಜಶಪುರನಗರದ ಖಟ್ಲೆಯೊಂದನ್ನು ಅಲ್ಲಿಂದ ತೆಗೆದರು. ಸ್ಥಳೀಯ ನ್ಯಾಯಾಧೀಶರ ಮೇಲೆ ಅವರು ಯಾವ ಆಕ್ಷೇಪವನ್ನೂ ಹೊರಿಸಲಿಲ್ಲ. ಊರಿನ ಕೋಮು ಉದ್ವೇಗವು ಎರಡೂ ಪಕ್ಷದವರ ಹೇಳಿಕೆಗಳಿಂದ ಸಿದ್ಧವಾಗಿದೆ, ಆ ವಾತಾವರಣದಲ್ಲಿ ನಡೆದ ವಿಚಾರಣೆಯನ್ನು ಜನ ನಂಬಲಾರರು ಎಂದರು. ಇದಕ್ಕೆ ಎದುರಾಗಿ 1978ರಲ್ಲಿ ಮುಂಬಯಿಯ ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲಿ ರಾಣಿ ಜೇಠ್ಮಲಾನಿಯವರು ಹೂಡಿದ ಮಾನಹಾನಿ ಖಟ್ಲೆಯನ್ನು ದಿಲ್ಲಿಗೆ ಒಯ್ಯಬೇಕೆಂದು ಮೇನಕಾ ಗಾಂಧಿಯವರು ಕೇಳಿದಾಗ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಒಪ್ಪಲಿಲ್ಲ. ಕೋರ್ಟಿನಲ್ಲಿ ಗದ್ದಲವಾಗುತ್ತದೆಂದರೆ ಗದ್ದಲವನ್ನು ಅಡಗಿಸಬೇಕು, ಕೋರ್ಟನ್ನು ಬದಲಿಸುವುದಲ್ಲ ಎಂಬುದು ಅವರ ನಿಲುವು. ಅರ್ಜಿದಾರನ ಅತಿಸೂಕ್ಷ್ಮ ಮನಸ್ಸಾಗಲಿ ಅನುಕೂಲತೆಯಾಗಲಿ ಸಾಲದು. ಅದಕ್ಕಿಂತ ಗಟ್ಟಿಯಾದ ಆಧಾರ ಬೇಕೆಂದು ಆ ತೀರ್ಪು ಹೇಳಿತು.

ಅನುಕೂಲತೆಯ ಮಾತು ಬಂದುದರಿಂದ ಇದನ್ನೂ ಹೇಳಬೇಕು. 1898ರ ಸಂಹಿತೆಯಲ್ಲಿ ವರ್ಗಾವಣೆಗೆ ಅರ್ಜಿ ಹಾಕಲಿದ್ದೇನೆ ಎಂದು ಪಕ್ಷಕಾರನು ತಿಳಿಸಿದರೆ ಕೋರ್ಟು ವಿಚಾರಣೆಯನ್ನು ಮುಂದೂಡಲೇಬೇಕಾಗಿತ್ತು. ಇದರ ಲಾಭವನ್ನು ಪಡೆದವರು ನ್ಯಾಯ ಬೇಡುವವರಿಗಿಂತ ತಾರೀಖು ಬೇಡುವವರೇ ಹೆಚ್ಚು. 1973ರ ಸಂಹಿತೆಯು ಈ ಕಟ್ಟುಪಾಡನ್ನು ಕೈಬಿಟ್ಟಿತು. ಸುಳ್ಳು ಕಾಟದ ಅರ್ಜಿಗೆ ಒಂದು ಸಾವಿರ ರೂಪಾಯಿಯವರೆಗೆ ಪರಿಹಾರವನ್ನು ಅದರ 406ನೆಯ ಕಲಮು ಗೊತ್ತುಮಾಡಿತ್ತು. ಮುಂದೆ ಬರಲಿರುವ ಖಟ್ಲೆಯಲ್ಲಿ ಪಣಕ್ಕಿದ್ದ ಕೋಟಿಗಳನ್ನು ನೆನೆದರೆ ಆ ಸಾವಿರ ರೂಪಾಯಿ ನಗೆ ತರಿಸುತ್ತದೆ.

ಇನ್ನು ಆ ಖಟ್ಲೆ. 1991ರಿಂದ 1996ರವರೆಗೆ ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜೆ. ಜಯಲಲಿತಾ ಅವರು ಆ ಅವಧಿಯಲ್ಲಿ ಆದಾಯಕ್ಕೆ ಮೀರಿ 66.65 ಕೋಟಿ ರೂಪಾಯಿಗಳ ಆಸ್ತಿ ಗಳಿಸಿದರೆಂದು 1997ರಲ್ಲಿ ಚೆನ್ನೈಯ ವಿಶೇಷ ನ್ಯಾಯಾಲಯದಲ್ಲಿ ಆಪಾದನಾಪಟ್ಟಿ ಸಲ್ಲಿಕೆಯಾಯಿತು. ವಿ. ಕೆ. ಶಶಿಕಲಾ, ವಿ. ಎನ್. ಸುಧಾಕರನ್, ಜೆ. ಇಳವರಸಿ ಇವರು ಸಹ ಆಪಾದಿತರು. 2000ದ ಆಗಸ್ಟಿನ ಹೊತ್ತಿಗೆ 250 ಸಾಕ್ಷಿಗಳ ವಿಚಾರಣೆ ಮುಗಿದಿತ್ತು. ಉಳಿದವರು ಹತ್ತೇ ಮಂದಿ. ಅಷ್ಟರಲ್ಲಿ 2001ರ ಮೇ ತಿಂಗಳಲ್ಲಿ ಚುನಾವಣೆ ನಡೆದು ಜಯಲಲಿತಾ ಅವರು ಮತ್ತೆ ಮುಖ್ಯಮಂತ್ರಿಯಾದರು. ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ನೇಮಕವನ್ನು ಅಸಿಂಧುವೆಂದಿತು. 2002ರ ಮಾರ್ಚಿಯಲ್ಲಿ ಅವರು ಮೂರನೆಯ ಬಾರಿ ಗದ್ದುಗೆಯೇರಿದರು.

ಆಮೇಲೆ ನಡೆದುದು ವಿಚಿತ್ರವಾದುದು. 2002ರ ನವೆಂಬರಿನಲ್ಲಿ ವಿಚಾರಣೆ ಮತ್ತೆ ಆರಂಭವಾದಾಗ, ಹಿಂದೆ ಸಾಕ್ಷ್ಯ ನುಡಿದಿದ್ದ 76 ಮಂದಿಯನ್ನು ಮರಳಿ ಕರೆಯಬೇಕೆಂದು ಆಪಾದಿತರು ಕೇಳಿದರು. ಸರಕಾರಿ ವಕೀಲರು ಅಡ್ಡಿ ಹೇಳಲಿಲ್ಲ. ಬಂದ 76 ಮಂದಿಯಲ್ಲಿ 64 ಮಂದಿ ತಮ್ಮ ಹಿಂದಿನ ಮಾತಿನಿಂದ ಹಿಂದೆ ಸರಿದರು. ಮಾತು ತಪ್ಪಿದ ಸಾಕ್ಷಿಯನ್ನು ಪ್ರತಿಕೂಲನೆಂದು ಘೋಷಿಸಿ ಪಾಟೀಸವಾಲಿಗೆ ಒಳಪಡಿಸುವುದು ಸರಕಾರಿ ವಕೀಲನ ಮೊದಲ ಕರ್ತವ್ಯ, ಅದೂ ಆಗಲಿಲ್ಲ. ಆಪಾದಿತಳನ್ನು ಕೋರ್ಟಿನಲ್ಲಿ ನಿಲ್ಲಿಸಿ ಪ್ರಶ್ನಿಸುವ 313ನೆಯ ಕಲಮಿನ ಹಂತದಲ್ಲಿ ಮುಖ್ಯಮಂತ್ರಿಗಳಿಗೆ ಹಾಜರಿಯಿಂದ ವಿನಾಯಿತಿ ದೊರೆತು, ಪ್ರಶ್ನಾವಳಿಯೇ ಅವರ ಮನೆಗೆ ಹೋಯಿತು.

ವಿರೋಧಪಕ್ಷವಾಗಿದ್ದ ದ್ರಾವಿಡ ಮುನ್ನೇತ್ರ ಕಳಗದ ಪ್ರಧಾನ ಕಾರ್ಯದರ್ಶಿ ಕೆ. ಅನ್ಬಳಗನ್ ಅವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಅವರ ಅರ್ಜಿಗೆ ಎದುರಾದ ಮೊದಲ ಆಕ್ಷೇಪವೆಂದರೆ, ಖಟ್ಲೆಯಲ್ಲಿ ಪಕ್ಷಕಾರನೇ ಅಲ್ಲದ ರಾಜಕೀಯ ಎದುರಾಳಿಗೆ ಇದರಲ್ಲೇನು ಕೆಲಸ ಎಂಬುದು. ನ್ಯಾಯಮೂರ್ತಿಗಳಾದ ಎಸ್. ಎನ್. ವರಿಯಾವಾ ಮತ್ತು ಎಚ್. ಕೆ. ಸೇಮಾ ಅವರು ಈ ಆಕ್ಷೇಪವನ್ನು ತಳ್ಳಿಹಾಕಿದರು. ಪ್ರಜಾಪ್ರಭುತ್ವದಲ್ಲಿ ಎದುರುಪಕ್ಷದವರು ಶಾಸನಸಭೆಯ ಒಳಗೂ ಹೊರಗೂ ಕಾವಲುಗಾರರು; ಆಪಾದಿತರೇ ಸರಕಾರವಾಗಿರುವಾಗ ಸರಕಾರದ ತಪ್ಪನ್ನು ಎತ್ತಿ ತೋರಿಸಲು ಬೇರೆ ಯಾರು ಬರಬೇಕು ಎಂಬುದು ಅವರ ತರ್ಕ. ವರಿಯಾವಾ ಅವರ ಹೆಸರು ಮುಂಬಯಿಯ ಬ್ಯಾಂಕು ವಲಯದಲ್ಲಿ ಚೆನ್ನಾಗಿ ಪರಿಚಿತವಾದುದು. 1992ರ ಶೇರು ಹಗರಣದ ಖಟ್ಲೆಗಳನ್ನು ವಿಚಾರಿಸಿದ ಇಲ್ಲಿಯ ವಿಶೇಷ ನ್ಯಾಯಾಲಯದಲ್ಲಿ ಅವರು ಕುಳಿತಿದ್ದರು.

2003ರ ನವೆಂಬರ್ 18ರಂದು ತೀರ್ಪು ಬಂದಿತು. ಅದು ಚೆನ್ನೈಯ ನ್ಯಾಯಾಧೀಶರನ್ನು ಭ್ರಷ್ಟರೆನ್ನಲಿಲ್ಲ. ಆರೋಪಿಸುವವನೂ ಆರೋಪಿತನೂ ಒಂದೇ ಮನೆಯವರಾದಾಗ, ನಡುವೆ ಕುಳಿತವನು ಎಷ್ಟು ನಿಷ್ಠನಾದರೂ ವಿಚಾರಣೆ ನ್ಯಾಯವಾಗಿ ನಡೆಯಲಾರದೆಂಬ ಶಂಕೆ ಸಕಾರಣವಾದುದೆಂದಿತು. ಖಟ್ಲೆಯನ್ನು ಕರ್ನಾಟಕಕ್ಕೆ ವರ್ಗಾಯಿಸಲಾಯಿತು. ಅಲ್ಲಿಯ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳೊಡನೆ ಸಮಾಲೋಚಿಸಿ ಬೆಂಗಳೂರಿನಲ್ಲಿ ವಿಶೇಷ ನ್ಯಾಯಾಲಯವನ್ನು ಸ್ಥಾಪಿಸಬೇಕು, ಹಿರಿಯ ಕ್ರಿಮಿನಲ್ ವಕೀಲರೊಬ್ಬರನ್ನು ಕರ್ನಾಟಕ ಸರಕಾರವೇ ಸರಕಾರಿ ವಕೀಲರಾಗಿ ನೇಮಿಸಬೇಕು, ವೆಚ್ಚವನ್ನು ತಮಿಳುನಾಡು ಭರಿಸಬೇಕು ಎಂಬ ಆದೇಶವಾಯಿತು. ಹೇಳಿಕೆ ಬದಲಿಸಿದ ಸಾಕ್ಷಿಗಳನ್ನು ಮತ್ತೆ ಕರೆಸುವುದಕ್ಕೂ ದಾರಿ ಮಾಡಿಕೊಡಲಾಯಿತು. ಈ ಆದೇಶದಲ್ಲಿ ಕೋರ್ಟಿನ ಬದಲಾವಣೆಗಿಂತ ಸರಕಾರಿ ವಕೀಲರ ಬದಲಾವಣೆಯೇ ಮುಖ್ಯವಾದುದು. ರೋಗವಿದ್ದುದು ಪೀಠದಲ್ಲಿ ಅಲ್ಲ, ಪೀಠದ ಎದುರಿನ ಮೇಜಿನಲ್ಲಿ.

ಕರ್ನಾಟಕವನ್ನು ಆರಿಸಲು ನ್ಯಾಯಾಲಯವು ಕೊಟ್ಟ ಕಾರಣ ಸಾಮೀಪ್ಯ ಮಾತ್ರ. ಆದರೆ ಆ ದಿನಗಳನ್ನು ಬಲ್ಲವರಿಗೆ ಇದು ಸಾಹಸದ ಆಯ್ಕೆಯಾಗಿ ಕಾಣದಿರದು. 2000ದಲ್ಲಿ ಡಾ. ರಾಜಕುಮಾರರ ಅಪಹರಣ ನಡೆದಿತ್ತು. 2002ರಲ್ಲಿ ಮಳೆ ಕೈಕೊಟ್ಟು ಕಾವೇರಿ ನೀರಿನ ಜಗಳ ಬೀದಿಗೆ ಬಂದಿತ್ತು. ಕರ್ನಾಟಕದ ಮುಖ್ಯಮಂತ್ರಿ ಎಸ್. ಎಂ. ಕೃಷ್ಣ ಅವರು ಮಂಡ್ಯಕ್ಕೆ ಪಾದಯಾತ್ರೆ ಹೊರಟಿದ್ದರು. ಜಯಲಲಿತಾ ಸರಕಾರವು ಅವರ ಮೇಲೆ ನ್ಯಾಯಾಲಯ ನಿಂದನೆಯ ಅರ್ಜಿ ಹೂಡಿತ್ತು. ಕೃಷ್ಣ ಅವರು ಸರ್ವೋಚ್ಚ ನ್ಯಾಯಾಲಯದಲ್ಲಿ ಕ್ಷಮೆ ಕೇಳಬೇಕಾಗಿ ಬಂದಿತ್ತು. ಇದಾದ ಒಂದು ವರ್ಷದೊಳಗೆ ಆ ಮುಖ್ಯಮಂತ್ರಿಯ ಖಟ್ಲೆ ಈ ಮುಖ್ಯಮಂತ್ರಿಯ ರಾಜ್ಯಕ್ಕೆ ಬಂದಿತು. ಒಂದು ಪಕ್ಷಪಾತದ ಶಂಕೆಯಿಂದ ಪಾರಾಗಲು ಇನ್ನೊಂದು ಶಂಕೆಯ ನೆಲಕ್ಕೆ ಬಂದಂತಾಯಿತಲ್ಲವೇ? ಮಾಟುಂಗದಂಥ ಕಡೆಯಲ್ಲಿ, ಕನ್ನಡಿಗರೂ ತಮಿಳರೂ ಒಂದೇ ಮಾರುಕಟ್ಟೆಯಲ್ಲಿ ಬಾಳೆಎಲೆ ಕೊಂಡು ಒಂದೇ ಉಪಾಹಾರಗೃಹದಲ್ಲಿ ಕಾಫಿ ಕುಡಿಯುವಲ್ಲಿ, ಈ ಪ್ರಶ್ನೆ ಕೇವಲ ಶಾಸ್ತ್ರದ್ದಲ್ಲ. ಕನ್ನಡದ ನೆಲದ ನ್ಯಾಯಾಸ್ಥಾನವು ತಮಿಳುನಾಡಿನ ನಾಯಕಿಯನ್ನು ಹೇಗೆ ನಡೆಸಿಕೊಂಡಿತೆಂಬುದಕ್ಕೆ ಹೊರನಾಡಿನ ಕನ್ನಡಿಗರು ನೆರೆಯವರ ಮುಂದೆ ಉತ್ತರಿಸಬೇಕಾಗುತ್ತದೆ. ಇನ್ನು ಆಪಾದಿತೆ ಹುಟ್ಟಿದ್ದು ಮೇಲುಕೋಟೆಯಲ್ಲಿ, 1964ರಲ್ಲಿ ನಾಯಕಿಯಾದುದು ಪಂತುಲು ಅವರ ‘ಚಿನ್ನದ ಗೊಂಬೆ’ ಎಂಬ ಕನ್ನಡ ಚಿತ್ರದಲ್ಲಿ. ಹೀಗಾಗಿ ಪರಕೀಯಳೆನ್ನುವುದೂ ಸುಲಭವಾಗಿರಲಿಲ್ಲ.

ಬೆಂಗಳೂರಿನ ವಿಚಾರಣೆ ತೀವ್ರಗತಿಯಲ್ಲಿ ನಡೆಯಲಿಲ್ಲವೆಂಬುದನ್ನು ಒಪ್ಪಬೇಕು. ತಮಿಳಿನಲ್ಲಿದ್ದ ಸಾಕ್ಷ್ಯಗಳ ರಾಶಿಯನ್ನು ಇಂಗ್ಲಿಷಿಗೆ ತರಬೇಕಾಯಿತು. ಆಪಾದಿತರ ಅರ್ಜಿಗಳೂ ಮೇಲ್ಮನವಿಗಳೂ ಸಾಲುಸಾಲಾಗಿ ಬಂದವು. ವಿಶೇಷ ಸರಕಾರಿ ವಕೀಲರಾಗಿ ನೇಮಕಗೊಂಡವರು ಉಡುಪಿಯ ಕಡೆಯ ಬಿ. ವಿ. ಆಚಾರ್ಯರು, ರಾಜ್ಯದ ಅಡ್ವೊಕೇಟ್ ಜನರಲ್ ಆಗಿ ಅನುಭವ ಪಡೆದವರು. ಚೆನ್ನೈಯಲ್ಲಿ ಪ್ರಶ್ನಾವಳಿ ಮನೆಗೆ ಹೋಗಿದ್ದರೆ, ಇಲ್ಲಿ 2011ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳಲ್ಲಿ, ಆಗ ಮತ್ತೆ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರು ತಾವೇ ಪರಪ್ಪನ ಅಗ್ರಹಾರದ ಕೋರ್ಟಿಗೆ ಬಂದು 1,339 ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ವರ್ಗಾವಣೆಯಿಂದ ಏನಾಯಿತು ಎಂದು ಕೇಳುವವರಿಗೆ ಈ ಒಂದು ಸಂಗತಿ ಸಾಕು.

ಆಚಾರ್ಯರು 2012ರಲ್ಲಿ ರಾಜೀನಾಮೆ ಕೊಟ್ಟರು. ಅವರ ಸ್ಥಾನಕ್ಕೆ ಜಿ. ಭವಾನಿ ಸಿಂಗ್ ಬಂದರು. 2013ರಲ್ಲಿ ಕರ್ನಾಟಕ ಸರಕಾರವು ಭವಾನಿ ಸಿಂಗರನ್ನು ತೆಗೆಯಹೊರಟಾಗ ತಡೆಯಲು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವರು ಸ್ವತಃ ಆಪಾದಿತರು! ನಿವೃತ್ತಿಯ ಅಂಚಿನಲ್ಲಿದ್ದ ನ್ಯಾಯಾಧೀಶ ಬಾಲಕೃಷ್ಣ ಅವರನ್ನೂ ಮುಂದುವರಿಸಬೇಕೆಂದು ಅವರ ಬೇಡಿಕೆ. ವಕೀಲರ ವಿಷಯದಲ್ಲಿ ಆಪಾದಿತರು ಗೆದ್ದರು; ಸರಕಾರದ ಕ್ರಮ ದುರುದ್ದೇಶದ್ದೆಂದು ರದ್ದಾಯಿತು. ನ್ಯಾಯಾಧೀಶರು ನಿವೃತ್ತರಾದರು. ನ್ಯಾಯಾಧೀಶರು ಬೇಡವೆಂಬ ಅರ್ಜಿಯನ್ನು ಕಾನೂನು ಸಾವಿರ ಕಣ್ಣಿನಿಂದ ಪರೀಕ್ಷಿಸುತ್ತದೆ. ಇವರೇ ಇರಲಿ ಎಂಬ ಬೇಡಿಕೆಯೂ ಅಷ್ಟೇ ಪರೀಕ್ಷೆಗೆ ಯೋಗ್ಯವಾದುದು. ತನಗೆ ಬೇಕಾದ ಪೀಠವನ್ನು ಆರಿಸುವ ಹಂಬಲವೇ ಎರಡರ ಹಿಂದೆಯೂ ಇರಬಹುದು.

ಬಾಲಕೃಷ್ಣರ ತರುವಾಯ ಬಂದವರು ಮಂಗಳೂರಿನ ಕಡೆಯ ಜಾನ್ ಮೈಕೆಲ್ ಕುನ್ಹಾ. 2014ರ ಸೆಪ್ಟೆಂಬರ್ 27ರಂದು ಅವರು ನಾಲ್ವರನ್ನೂ ಅಪರಾಧಿಗಳೆಂದು ನಿರ್ಣಯಿಸಿ, ನಾಲ್ಕು ವರ್ಷಗಳ ಸೆರೆವಾಸವನ್ನೂ ಮುಖ್ಯಮಂತ್ರಿಗೆ 100 ಕೋಟಿ ರೂಪಾಯಿ ದಂಡವನ್ನೂ ವಿಧಿಸಿದರು. ಮೇಲ್ಮನವಿ ಕರ್ನಾಟಕ ಹೈಕೋರ್ಟಿಗೆ ಹೋಯಿತು. ಅಲ್ಲಿ ಸರಕಾರದ ಪರವಾಗಿ ನಿಂತವರು ಮತ್ತೆ ಭವಾನಿ ಸಿಂಗರೇ. ಈ ಬಾರಿ ಅವರನ್ನು ನೇಮಿಸಿದುದು ತಮಿಳುನಾಡು. ಕಾಯಿಲೆ ಹಿಂದಿನ ದಾರಿಯಲ್ಲೇ ಮರಳಿ ಬಂದಿತೆನ್ನಬೇಕು. 2015ರ ಏಪ್ರಿಲ್ 27ರಂದು ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠವು ಈ ನೇಮಕವು ಕಾನೂನಿಗೆ ವಿರುದ್ಧವೆಂದಿತು: ಖಟ್ಲೆ ವರ್ಗವಾದ ಮೇಲೆ ಅದನ್ನು ನಡೆಸುವ ಅಧಿಕಾರ ಕರ್ನಾಟಕದ್ದು ಮಾತ್ರ. ಆದರೆ ಮರುವಿಚಾರಣೆ ಬೇಡವೆಂದು, ಲಿಖಿತ ವಾದ ಸಲ್ಲಿಸಲು ಮರುದಿನದವರೆಗೆ ಅವಕಾಶ ಕೊಡಲಾಯಿತು. ಸಾವಿರಾರು ಪುಟಗಳ ಖಟ್ಲೆಗೆ ಒಂದು ದಿನ! ಮತ್ತೆ ನೇಮಕಗೊಂಡ ಆಚಾರ್ಯರು ಬರಹದಲ್ಲಿ ವಾದವನ್ನು ಒಪ್ಪಿಸಿದರು. ಬಾಯಿಮಾತಿನ ವಾದಕ್ಕೆ ಎಡೆಯಿರಲಿಲ್ಲ.

ಮೇ 11ರಂದು ನ್ಯಾಯಮೂರ್ತಿ ಸಿ. ಆರ್. ಕುಮಾರಸ್ವಾಮಿಯವರು ನಾಲ್ವರನ್ನೂ ಬಿಡುಗಡೆ ಮಾಡಿದರು. ಅಕ್ರಮ ಆಸ್ತಿಯು ಆದಾಯದ ಶೇಕಡಾ 8.12 ಮಾತ್ರ, ಶೇಕಡಾ 10ರ ಒಳಗಿದ್ದರೆ ಕ್ಷಮ್ಯ ಎಂಬುದು ತೀರ್ಪಿನ ತಿರುಳು. ಲೆಕ್ಕಪತ್ರ ಬಲ್ಲವರು ತೀರ್ಪಿನ ಈ ಭಾಗವನ್ನು ಒಮ್ಮೆ ಪೆನ್ಸಿಲು ಹಿಡಿದು ಓದಬೇಕು. ಆಪಾದಿತರು ಬ್ಯಾಂಕುಗಳಿಂದ ಪಡೆದ ಸಾಲಗಳ ಒಂದು ಪಟ್ಟಿ ಅದರಲ್ಲಿದೆ. ಕಲಮುಗಳು ಹತ್ತು. ಕೆಳಗೆ ಬರೆದ ಮೊತ್ತ 24,17,31,274 ರೂಪಾಯಿ. ಕೂಡಿ ನೋಡಿದರೆ ಬರುವುದು 10,67,31,274. ವ್ಯತ್ಯಾಸ ಸರಿಯಾಗಿ ಹದಿಮೂರೂವರೆ ಕೋಟಿ. ಈ ಹದಿಮೂರೂವರೆ ಕೋಟಿಯನ್ನು ಆದಾಯದಿಂದ ಕಳೆದರೆ ಆದಾಯವು 34.76 ಕೋಟಿಯಿಂದ 21.26 ಕೋಟಿಗೆ ಇಳಿಯುತ್ತದೆ, 2.82 ಕೋಟಿಯ ಹೆಚ್ಚುವರಿ ಆಸ್ತಿ 16.32 ಕೋಟಿಯಾಗುತ್ತದೆ, ಶೇಕಡಾ 8.12 ಎಂಬುದು ಶೇಕಡಾ 76ನ್ನು ದಾಟುತ್ತದೆ. ಯಾವ ಬ್ಯಾಂಕಿನ ಶಾಖೆಯಲ್ಲಾದರೂ ದಿನದ ಕೊನೆಗೆ ಇಂಥ ವ್ಯತ್ಯಾಸ ಬಂದರೆ ಲೆಕ್ಕ ಸರಿಹೊಂದುವವರೆಗೆ ಗುಮಾಸ್ತರು ಮನೆಗೆ ಹೋಗುವುದಿಲ್ಲ.

ಇದನ್ನು ಪಕ್ಷಪಾತವೆಂದವರೂ ಆಗ ಇದ್ದರು. ಆ ಮಾತಿಗೆ ಆಧಾರವಿಲ್ಲ. ಕೂಡಿಕೆಯ ತಪ್ಪು ತಪ್ಪೇ ಹೊರತು ಪಕ್ಷಪಾತದ ಪುರಾವೆಯಲ್ಲ. ಪಕ್ಷಪಾತದ ಶಂಕೆಗೆ ಮದ್ದು ವರ್ಗಾವಣೆ, ತಪ್ಪಿಗೆ ಮದ್ದು ಮೇಲ್ಮನವಿ. ಈ ಎರಡನ್ನು ಬೆರೆಸುವವರು, ತಮಗೆ ವಿರುದ್ಧವಾದ ಪ್ರತಿಯೊಂದು ಆದೇಶದಲ್ಲಿಯೂ ನ್ಯಾಯಾಧೀಶನ ಒಳಸಂಚನ್ನು ಕಾಣುವವರು, ನಿಜವಾಗಿ ಶಂಕೆಗೆ ಕಾರಣವಿರುವ ಬಡಪಾಯಿಯ ಅರ್ಜಿಯ ತೂಕವನ್ನೂ ಕಳೆಯುತ್ತಾರೆ. ಕರ್ನಾಟಕ ಸರಕಾರವು ಸರಿಯಾದ ಮದ್ದನ್ನೇ ಆರಿಸಿತು: 2015ರ ಜೂನ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿತು. ನೆರೆಯ ರಾಜ್ಯದೊಡನೆ ವೃಥಾ ವೈರವೇಕೆ, ನಮ್ಮ ಗಂಟೇನು ಹೋಗುತ್ತದೆ ಎಂಬ ಮಾತು ಆಗ ಕೇಳಿಬಂದಿತ್ತು. ಆದರೆ 2003ರ ಆದೇಶದಿಂದ ಖಟ್ಲೆಯ ಹೊಣೆ ಹೊತ್ತ ರಾಜ್ಯ ಇದೊಂದೇ ಆಗಿತ್ತು. ಅದು ಸುಮ್ಮನಿದ್ದರೆ ಹನ್ನೆರಡು ವರ್ಷಗಳ ಹಿಂದೆ ಚೆನ್ನೈಯ ಸರಕಾರಿ ವಕೀಲರು ಸುಮ್ಮನಿದ್ದುದಕ್ಕೂ ಇದಕ್ಕೂ ಏನು ಭೇದವಿರುತ್ತಿತ್ತು?

ಈ ನಡುವೆ ಮುಂಬಯಿಯೂ ಇಂಥ ಖಟ್ಲೆಗಳಿಗೆ ನೆಲೆಯಾಗಿತ್ತು. ಬೆಂಗಳೂರಿನ ಆದೇಶ ಬಂದು ಐದು ತಿಂಗಳೊಳಗೆ, 2004ರ ಏಪ್ರಿಲ್ 12ರಂದು, ವಡೋದರೆಯ ಬೆಸ್ಟ್ ಬೇಕರಿ ಹತ್ಯಾಕಾಂಡದ ಮರುವಿಚಾರಣೆ ಮಹಾರಾಷ್ಟ್ರದಲ್ಲಿ ನಡೆಯಲೆಂದು ಸರ್ವೋಚ್ಚ ನ್ಯಾಯಾಲಯ ಆಜ್ಞಾಪಿಸಿತು. ಅದು ಮಾಝಗಾಂವಿನ ಸೆಷನ್ಸ್ ಕೋರ್ಟಿನಲ್ಲಿ ನಡೆದು 2006ರಲ್ಲಿ ಒಂಬತ್ತು ಮಂದಿಗೆ ಶಿಕ್ಷೆಯಾಯಿತು. ಬಿಲ್ಕಿಸ್ ಬಾನೋ ಅವರ ಖಟ್ಲೆಯೂ ಅದೇ ವರ್ಷ ಅಹಮದಾಬಾದಿನಿಂದ ಇಲ್ಲಿಗೆ ಬಂದಿತು. ತಿಲಕರಿಗೆ ಬೇರೆ ಬಾಗಿಲು ತೆರೆಯದ ನಗರವು ನೂರು ವರ್ಷ ತುಂಬುವ ಮೊದಲೇ ಇತರರಿಗೆ ಬಾಗಿಲಾಯಿತು.

ಜಯಲಲಿತಾ ಅವರು 2016ರ ಡಿಸೆಂಬರ್ 5ರಂದು ತೀರಿಕೊಂಡರು. 2017ರ ಫೆಬ್ರವರಿ 14ರಂದು ನ್ಯಾಯಮೂರ್ತಿಗಳಾದ ಪಿನಾಕಿ ಚಂದ್ರ ಘೋಷ್ ಮತ್ತು ಅಮಿತಾವ ರಾಯ್ ಅವರು ಹೈಕೋರ್ಟಿನ ತೀರ್ಪನ್ನು ರದ್ದುಗೊಳಿಸಿ ಕುನ್ಹಾ ಅವರ ತೀರ್ಪನ್ನು ಎತ್ತಿಹಿಡಿದರು. ಕೂಡಿಕೆಯ ತಪ್ಪನ್ನೂ ಅವರು ಗುರುತಿಸಿದರು. ಮೃತರ ವಿಷಯದಲ್ಲಿ ಮೇಲ್ಮನವಿ ಮುಗಿದುಹೋದುದರಿಂದ ಉಳಿದ ಮೂವರು ಪರಪ್ಪನ ಅಗ್ರಹಾರದ ಸೆರೆಮನೆಗೆ ಬಂದರು. ಖಟ್ಲೆಯ ಜೊತೆಯಲ್ಲಿ ಚೆನ್ನೈಯಿಂದ ಬಂದಿದ್ದ ಒಡವೆ ವಸ್ತುಗಳು ಆಮೇಲೆಯೂ ವರ್ಷಗಟ್ಟಲೆ ಬೆಂಗಳೂರಿನಲ್ಲಿಯೇ ಉಳಿದವು. 2025ರ ಫೆಬ್ರವರಿಯಲ್ಲಿ ಸುಮಾರು 27 ಕಿಲೋ ತೂಕದ ಚಿನ್ನಾಭರಣಗಳನ್ನೂ ಜಮೀನುಗಳ ದಸ್ತಾವೇಜುಗಳನ್ನೂ ವಿಶೇಷ ನ್ಯಾಯಾಲಯವು ಎಣಿಸಿ, ತೂಗಿ, ತಮಿಳುನಾಡಿನ ಅಧಿಕಾರಿಗಳಿಗೆ ಒಪ್ಪಿಸಿತು.